ಇಂದಿನ ಧಮ್ಮ ಚಿಂತನೆ: ಹಕ್ಕು ನಿಲ್ಲುವ ಹೊಸಿಲು



ಮಾನವ ಹಕ್ಕುಗಳನ್ನು ಟೀಕಿಸಿದವರಲ್ಲಿ ಇಬ್ಬರ ಮಾತು ನನ್ನನ್ನು ಯೋಚನೆಗೆ ಹಚ್ಚುತ್ತದೆ. ಕಾನೂನು ಕೊಡದ ಹಕ್ಕು ಹಕ್ಕೇ ಅಲ್ಲ, ಹುಟ್ಟಿನಿಂದ ಬಂದ ಹಕ್ಕೆಂಬುದು ಬರೀ ಪೊಳ್ಳು ಎಂದವರು ಇಂಗ್ಲೆಂಡಿನ ಜೆರೆಮಿ ಬೆಂಥಮ್. ಫ್ರೆಂಚ್ ಕ್ರಾಂತಿ ಸಾರಿದ ಹಕ್ಕುಗಳು ಜನರನ್ನು ಕೂಡಿಸುವುದಿಲ್ಲ, ಒಬ್ಬೊಬ್ಬರನ್ನೂ ಅವರವರ ಬೇಲಿಯೊಳಗೆ ಇಡುತ್ತವೆ ಎಂದು 1844ರಲ್ಲಿ ವಾದಿಸಿದವರು ಕಾರ್ಲ್ ಮಾರ್ಕ್ಸ್.

ಬೆಂಥಮ್ ಮಾತನ್ನು ಮಹಾಡ್‌ನ ಚವದಾರ್ ಕೆರೆಯ ದಂಡೆಯಲ್ಲಿಟ್ಟು ನೋಡೋಣ. ಸಾರ್ವಜನಿಕ ಕೆರೆ-ಬಾವಿ ಅಸ್ಪೃಶ್ಯರಿಗೂ ತೆರೆದಿರಬೇಕೆಂದು ಮುಂಬಯಿ ಶಾಸನ ಪರಿಷತ್ತು 1923ರಲ್ಲೇ ನಿರ್ಣಯಿಸಿತ್ತು. ಮರುವರ್ಷ ಮಹಾಡ್ ಪುರಸಭೆಯೂ ಒಪ್ಪಿತ್ತು. ಆದರೂ ನಮ್ಮವರಿಗೆ ಆ ನೀರು ಸಿಗಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಹೋಗಿ ನೀರು ಕುಡಿದಾಗ, ನಮ್ಮವರ ಮೇಲೆ ಹಲ್ಲೆಯಾಯಿತು. ಕೆರೆಯನ್ನು ಸಗಣಿ, ಗಂಜಲ ಹಾಕಿ 'ಶುದ್ಧ' ಮಾಡಿದರು. ಸರ್ಕಾರ ಬರೆದುಕೊಟ್ಟ ಹಕ್ಕೂ ಪೊಳ್ಳಾಗಬಹುದು ಎಂಬುದನ್ನು ಬೆಂಥಮ್‌ಗಿಂತ ಚೆನ್ನಾಗಿ ನಮ್ಮ ಹಿರಿಯರು ಬಲ್ಲರು.

ಹಾಗೆಂದು ಅವರು ಹಕ್ಕನ್ನು ಕೈಬಿಡಲಿಲ್ಲ. ನ್ಯಾಯಾಲಯದಲ್ಲಿ ಹೋರಾಡಿ, 1937ರಲ್ಲಿ ಮುಂಬಯಿ ಹೈಕೋರ್ಟಿನಲ್ಲಿ ಗೆದ್ದರು. ಆದರೆ ಕಾನೂನಿನ ಮಿತಿ ಬಾಬಾಸಾಹೇಬರಿಗೆ ಗೊತ್ತಿತ್ತು. ಹಕ್ಕನ್ನು ನಿಜವಾಗಿ ಕಾಯುವುದು ಸಮಾಜದ ನೈತಿಕ ಅಂತಃಸಾಕ್ಷಿ ಎಂದು 1943ರಲ್ಲಿ ರಾನಡೆ ಕುರಿತ ಭಾಷಣದಲ್ಲಿ ಹೇಳಿದರು.

ನನ್ನ ತರಗತಿಯ ಮಕ್ಕಳು ಮೂಲಭೂತ ಹಕ್ಕುಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಾರೆ. ಸಂವಿಧಾನದ 17ನೆಯ ವಿಧಿ ಅವರನ್ನು ಬಿಸಿಯೂಟಕ್ಕೆ ಒಂದೇ ಸಾಲಿನಲ್ಲಿ ಕೂರಿಸಬಲ್ಲದು. ಸಂಜೆ ಗೆಳೆಯನ ಮನೆಯ ಅಡುಗೆಕೋಣೆಗೆ ಕರೆದೊಯ್ಯಲಾರದು. ಮಾರ್ಕ್ಸ್ ಕಂಡ ಬೇಲಿ ಇದೇ. ಹೊಸಿಲ ಬಳಿ ಕಾನೂನು ನಿಲ್ಲುತ್ತದೆ. ಅಲ್ಲಿಂದ ಒಳಗೆ ಕರೆಯಬೇಕಾದದ್ದು ಮೈತ್ರಿ. ಸ್ವಾತಂತ್ರ್ಯ, ಸಮಾನತೆ, ಬಂಧುತ್ವಗಳನ್ನು ತಾನು ಫ್ರೆಂಚ್ ಕ್ರಾಂತಿಯಿಂದ ಪಡೆಯಲಿಲ್ಲ, ಗುರು ಬುದ್ಧನಿಂದ ಪಡೆದೆ ಎಂದು ಬಾಬಾಸಾಹೇಬರು 1954ರಲ್ಲಿ ಆಕಾಶವಾಣಿಯಲ್ಲಿ ಹೇಳಿದ್ದರ ತೂಕ ನನಗೆ ಇಲ್ಲಿ ತಿಳಿಯುತ್ತದೆ.

ಬಂಧುಗಳೇ, ನಮ್ಮ ಮನೆಗಳಿಗೂ ಹೊಸಿಲಿದೆ. 22 ಪ್ರತಿಜ್ಞೆ ಸ್ವೀಕರಿಸಿದ ನಾವೂ ಹೆಣ್ಣು-ಗಂಡು ನೋಡುವಾಗ "ಅವರು ಎಡಗೈಯೋ, ಬಲಗೈಯೋ?" ಎಂದು ಮೆಲ್ಲಗೆ ವಿಚಾರಿಸುವುದುಂಟು. ಇದನ್ನು ತಡೆಯುವ ಕಾನೂನು ಯಾವುದೂ ಇಲ್ಲ. ಇತರರಿಂದ ಹಕ್ಕು ಕೇಳುವ ನಮ್ಮ ದನಿಗೆ ಬಲ ಬರುವುದು, ಈ ಪಿಸುಮಾತನ್ನು ನಾವೇ ನಿಲ್ಲಿಸಿದಾಗ. ಮುಂದಿನ ಸಂಬಂಧ ಮನೆಗೆ ಬಂದಾಗ ಆ ಒಂದು ಪ್ರಶ್ನೆಯನ್ನು ಕೇಳದೆ ಇರೋಣ.

ಭವತು ಸಬ್ಬ ಮಂಗಲಂ. ಜೈ ಭೀಮ್. 🙏