ಕಾಟು ಹಾಕಿದ ಅಂಕಿಯೂ ಓದುವಂತಿರಲಿ

ಐಸೆಲಿನ್‌ನ ಮೆಟ್ರೋಪಾರ್ಕ್ ಸ್ಟೇಷನ್ನಿನ ಹತ್ತಿರದ ಒಂದು ಆಫೀಸಿನಲ್ಲಿ ನಾನು ಕೆಲಸ ಮಾಡ್ತಿದ್ದಾಗಿನ ಮಾತು. ಮುಂದಿನ ವಾರ ಗೋದಾಮಿಗೆ ಎಷ್ಟು ಆರ್ಡರ್ ಬರಬಹುದು ಅಂತ ನನ್ನ ಮಾಡೆಲ್ ಅಂದಾಜು ಹೇಳ್ತಿತ್ತು. ಅದು ಪವರ್ ಬಿಐ ರಿಪೋರ್ಟಿನಲ್ಲಿ ಕಾಣಿಸ್ತಿತ್ತು. ಸೋಮವಾರ ಎಲ್ಲರೂ ಅದನ್ನು ನೋಡಿ, ಎಷ್ಟು ಜನರನ್ನು ಶಿಫ್ಟಿಗೆ ಕರೆಯಬೇಕು ಅಂತ ತೀರ್ಮಾನ ಮಾಡ್ತಿದ್ದರು.

ತಕರಾರು ಒಂದೇ. "ನಿನ್ನ ಮಾಡೆಲ್‌ಗೆ ನಮ್ಮ ಗಿರಾಕಿಗಳು ಗೊತ್ತಿಲ್ಲಪ್ಪ." ಅದು ನಿಜ ಕೂಡ. ಒಬ್ಬ ದೊಡ್ಡ ಗಿರಾಕಿ ರಜಕ್ಕೆ ಅಂಗಡಿ ಮುಚ್ಚುತ್ತಾನೆ ಅನ್ನೋದು ಫೋನ್ ಎತ್ತಿದವರಿಗೆ ಗೊತ್ತಿರುತ್ತೆ, ಡೇಟಾಬೇಸಿಗೆ ಗೊತ್ತಿರಲ್ಲ. ಆದರೆ ರಿಪೋರ್ಟ್ ಓದೋದಕ್ಕೆ ಮಾತ್ರ ಇರುವಂಥದ್ದು. ತಿದ್ದುಪಡಿಗಳೆಲ್ಲ ಎಕ್ಸೆಲ್ ಫೈಲುಗಳಾಗಿ ಈಮೇಲಿನಲ್ಲಿ ಓಡಾಡ್ತಿದ್ದವು.

ಹಾಗಾಗಿ ಎರಡು ದಿನ ಕೂತು ಪವರ್ ಆ್ಯಪ್ಸ್‌ನಲ್ಲಿ ಒಂದು ಪುಟ್ಟ ಆ್ಯಪ್ ಕಟ್ಟಿದೆ. ಇದನ್ನು ಲೋ-ಕೋಡ್ ಅಂತಾರೆ: ಹೆಚ್ಚು ಪ್ರೋಗ್ರಾಮ್ ಬರೆಯದೆ, ಬಟನ್ನು ಬಾಕ್ಸುಗಳನ್ನು ಜೋಡಿಸಿ, ನಡುವೆ ಒಂದೆರಡು ಸೂತ್ರ ಹಾಕಿದರೆ ಆಯ್ತು. ಆ್ಯಪ್ ರಿಪೋರ್ಟಿನ ಒಳಗೇ ಕೂರುತ್ತೆ. ಸಾಲನ್ನು ಆರಿಸಿ, ಹೊಸ ಅಂಕಿ ಬರೆದು, ಸೇವ್ ಒತ್ತಿದರೆ ‘ಪ್ಯಾಚ್’ ಅನ್ನೋ ಒಂದು ಸೂತ್ರ ಅದನ್ನು ಹಿಂದಿನ ಟೇಬಲ್ಲಿಗೆ ಬರೆಯುತ್ತೆ. ಎಲ್ಲರೂ ಬೆನ್ನು ತಟ್ಟಿದರು.

ಮೂರು ತಿಂಗಳಾದ ಮೇಲೆ ಒಂದು ವಾರ ರಿಪೋರ್ಟಿನಲ್ಲಿ 5,600 ಆರ್ಡರ್ ಅಂತಿತ್ತು. ಬಂದದ್ದು ಸುಮಾರು 4,000. ಕರೆಸಿದ ಜನ ಕೈಕಟ್ಟಿ ನಿಂತಿದ್ದರು. ಆ ಅಂಕಿ ಹಾಕಿದವರು ಯಾರು? ಸಾಮಾನ್ಯವಾಗಿ ಟೈಪ್ ಮಾಡ್ತಿದ್ದದ್ದು ಕಾಂಟ್ರ್ಯಾಕ್ಟ್ ಮೇಲಿದ್ದ ಒಬ್ಬ ಹೆಣ್ಣುಮಗಳು. "ಸೋಮವಾರ ನಾನು ನೋಡಿದಾಗ 4,200 ಇತ್ತು, ನಾನು ಮುಟ್ಟಿಲ್ಲ" ಅಂದರು. ನಾನು ಟೇಬಲ್ ತೆಗೆದು ನೋಡಿದೆ. ಒಂದೇ ಸಾಲು, ಒಂದೇ ಅಂಕಿ. ಬರೆದವರ ಹೆಸರಿಲ್ಲ, ವೇಳೆ ಇಲ್ಲ, ಹಳೆಯದರ ಗುರುತೇ ಇಲ್ಲ. ಆಕೆಯ ಕಾಂಟ್ರ್ಯಾಕ್ಟ್ ಮುಂದುವರಿಯಲಿಲ್ಲ. ಅದಕ್ಕೆ ಇದೊಂದೇ ಕಾರಣವೋ ಏನೋ. ಆದರೆ ಆಕೆಯ ಮಾತು ನಿಜವೋ ಸುಳ್ಳೋ ತಿಳಿಯುವ ದಾರಿಯನ್ನು ಮುಚ್ಚಿದ್ದು ಮಾತ್ರ ನಾನು.

"ನಾನು ಬರೀ ಬಾಕ್ಸ್ ಕೊಟ್ಟೆ, ಬರೆದವರು ಬೇರೆ" ಅಂತ ಹೇಳಬಹುದಿತ್ತು. ಎಷ್ಟೋ ದಿನ ಹಾಗೇ ಸಮಾಧಾನ ಮಾಡಿಕೊಂಡೆ. ಆದರೆ ತಿದ್ದೋದು ಬೇರೆ, ಅಳಿಸೋದು ಬೇರೆ. ಊರಿನ ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕ ನೋಡಿದ್ದರೆ ನಿಮಗೆ ಗೊತ್ತಿರುತ್ತೆ: ತಪ್ಪಾದರೆ ಒಂದು ಗೆರೆ ಎಳೆದು ಕಾಟು ಹಾಕಿ, ಮೇಲೆ ಸರಿಯಾದದ್ದು ಬರೆದು, ಪಕ್ಕದಲ್ಲಿ ರುಜು ಹಾಕ್ತಾರೆ. ಕಾಟಿನ ಕೆಳಗಿನ ಅಂಕಿಯನ್ನೂ ಓದಬಹುದು. ನನ್ನ ಆ್ಯಪ್ ಮಾಡಿದ್ದು ರಬ್ಬರಿನ ಕೆಲಸ.

ಕರ್ನಾಟಕ ಇದೇ ಪ್ರಶ್ನೆಯನ್ನು ಬಹಳ ದೊಡ್ಡದಾಗಿ ಎದುರಿಸಿದೆ. ಒಂದು ಕಾಲಕ್ಕೆ ರೈತರ ಪಹಣಿಗಳು ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದಲ್ಲಿದ್ದವು. ಯಾರ ಹೊಲ ಯಾರ ಹೆಸರಲ್ಲಿದೆ ಅನ್ನೋದು ಆ ಪುಸ್ತಕ ಯಾರ ಕೈಯಲ್ಲಿದೆ ಅನ್ನೋದರ ಮೇಲೆ ನಿಂತಿತ್ತು. ಈ ಶತಮಾನದ ಶುರುವಿನಲ್ಲಿ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ತಂತು. ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು, ಅಂದರೆ ಬರೆದವರು ಯಾರು ಅಂತ ಗೊತ್ತಾಗುತ್ತೆ. ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕು.

ಅದಕ್ಕಿಂತ ನನಗೆ ಮುಖ್ಯ ಅನ್ನಿಸಿದ್ದು ಕಂಪ್ಯೂಟರಿಗಿಂತ ಹಳೆಯ ಒಂದು ನಿಯಮ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ ಪ್ರಕಾರ, ಹಕ್ಕು ಬದಲಾವಣೆ ಮಾಡುವ ಮೊದಲು ಚಾವಡಿಯಲ್ಲಿ ನೋಟಿಸ್ ಹಚ್ಚಬೇಕು, ಸಂಬಂಧಪಟ್ಟವರಿಗೆ ತಿಳಿಸಬೇಕು, ಆಕ್ಷೇಪಣೆಗೆ ಸಮಯ ಕೊಡಬೇಕು. ಬದಲಾವಣೆಯಿಂದ ಯಾರ ಬದುಕು ಅಲುಗಾಡುತ್ತೋ ಅವರಿಗೆ ಬಾಯಿ ಇರಬೇಕು ಅನ್ನೋದು ಅದರ ತಿರುಳು. ಎಲ್ಲ ಕಡೆ ಹಾಗೇ ನಡೀತು ಅಂತ ನಾನು ಹೇಳ್ತಿಲ್ಲ. ಕೆಲಸ ತಾಲ್ಲೂಕು ಕಚೇರಿಗೆ ಹೋಗಿದ್ದರಿಂದ ರೈತರಿಗೆ ಓಡಾಟವೂ ಹೆಚ್ಚಾಯ್ತು. ಆದರೆ ನಿಯಮ ಕೇಳುವ ಪ್ರಶ್ನೆ ಸರಿಯಾಗಿದೆ.

ನಮ್ಮ ಟೀಮಿನ ಗೆಳೆಯನೊಬ್ಬ ಅಡ್ಡ ಬಂದ: "ಹೆಸರು ದಾಖಲಾಗುತ್ತೆ ಅಂದ್ರೆ ಯಾರೂ ಬರೆಯಲ್ಲ." ಅದೂ ಸುಳ್ಳಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರು ಅಂತ ಗಾದೆಯೇ ಇದೆ. ಮಾಡೆಲ್ಲಿನ ಅಂದಾಜು ತಪ್ಪು ಅಂತ ಬರೆಯೋಕೂ ಧೈರ್ಯ ಬೇಕು. ಆ ದಾಖಲೆ ಮ್ಯಾನೇಜರಿಗೆ ಮಾತ್ರ ಕಂಡರೆ ಅದು ಕಾವಲು. ಕೆಳಗಿನವರಿಗೂ ಕಂಡರೆ ಅದು ಸಾಕ್ಷಿ. ಆ ಹೆಣ್ಣುಮಗಳಿಗೆ ಆ ದಿನ ಬೇಕಾಗಿದ್ದದ್ದು ಅಂಥ ಒಂದು ಸಾಕ್ಷಿ.

ಈಗ ನಾನು ಕಟ್ಟುವ ಆ್ಯಪ್‌ಗಳು ಹಳೇ ಸಾಲನ್ನು ಮುಟ್ಟಲ್ಲ, ಹೊಸ ಸಾಲು ಸೇರಿಸ್ತಾವೆ: ಯಾರು, ಯಾವಾಗ, ಎಷ್ಟರಿಂದ ಎಷ್ಟಕ್ಕೆ. ಇದು ದೊಡ್ಡ ವಿದ್ಯೆಯೇನಲ್ಲ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ 2016ರಿಂದಲೂ ಹಳೇ ಸಾಲುಗಳನ್ನು ತಾನೇ ಉಳಿಸುವ ‘ಟೆಂಪೊರಲ್ ಟೇಬಲ್’ ಇದೆ, ಹೆಸರಿಗೆ ಒಂದು ಕಾಲಂ ನಾವೇ ಸೇರಿಸಿದರೆ ಸಾಕು. ಮಾಡೆಲ್ಲಿನ ಅಂದಾಜು ಮತ್ತು ಮನುಷ್ಯರ ತಿದ್ದುಪಡಿ ರಿಪೋರ್ಟಿನಲ್ಲಿ ಅಕ್ಕಪಕ್ಕ ಕಾಣ್ತವೆ, ಗೋದಾಮಿನವರಿಗೂ ಸೇರಿ. "ಇದು ಸರಿಯಿಲ್ಲ" ಅನ್ನೋಕೆ ಅವರಿಗೂ ಒಂದು ಬಟನ್ ಇದೆ. ಕಾರಣ ಬರೆಯೋದನ್ನು ಕಡ್ಡಾಯ ಮಾಡಿಲ್ಲ. ಕಡ್ಡಾಯ ಮಾಡಿದರೆ ಜನ ಒಂದು ಚುಕ್ಕೆ ಇಟ್ಟು ಮುಂದೆ ಹೋಗ್ತಾರೆ, ನಾನೇ ಹಾಗೆ ಮಾಡಿದ್ದೇನೆ.

2025ರಲ್ಲಿ ಮೈಕ್ರೋಸಾಫ್ಟ್, ಬೇರೆ ಆ್ಯಪ್ ಇಲ್ಲದೆ ಪವರ್ ಬಿಐ ಒಳಗಿಂದಲೇ ಬರೆಯುವ ಸೌಲಭ್ಯವನ್ನೂ ತಂದಿದೆ. ರಿಪೋರ್ಟಿನಲ್ಲಿ ಬರೆಯೋದು ಇನ್ನೂ ಸಲೀಸಾಗುತ್ತೆ, ಆಗಬೇಕು ಕೂಡ. ನಿಮ್ಮ ಆಫೀಸಿನ ರಿಪೋರ್ಟಿನಲ್ಲಿ ಅಂಥ ಒಂದು ಬಾಕ್ಸ್ ಕಂಡರೆ, ಅದನ್ನು ಕಟ್ಟಿದವರನ್ನು ಒಂದು ಮಾತು ಕೇಳಿ: ಹಳೇ ಅಂಕಿ ಎಲ್ಲಿದೆ? ನನ್ನನ್ನು ಆಗ ಯಾರೂ ಕೇಳಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.