ಕಾಂತೆಯ ಮಾತು ಯಾರ ಕಿವಿಗೆ?

ವೇದವು ಪ್ರಭುವಿನಂತೆ ಆಜ್ಞಾಪಿಸುವುದು, ಪುರಾಣವು ಮಿತ್ರನಂತೆ ತಿಳಿಯಹೇಳುವುದು, ಕಾವ್ಯವಾದರೋ ಕಾಂತೆಯಂತೆ ಸರಸವಾಗಿ ಮನವೊಲಿಸುವುದು ಎಂಬುದು ಮಮ್ಮಟಾದಿಗಳ ಮತವು. ಹಾಗಾದರೆ ಪತ್ನಿಯ ಮಾತಿಗೆ ಪ್ರತಿಯಾಗಿ ಕೈಯೇ ಏಳುವ ಮನೆಯಲ್ಲಿ ಕಾವ್ಯದ ಗತಿಯೇನು? ಇದು ವಿಚಾರಾರ್ಹವಾದ ಪ್ರಶ್ನೆ.

ಶ್ರೀಮತಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದ ಮೂಲಕ, 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯು ಬಂದಿತು. ಕನ್ನಡಕ್ಕೆ ಆ ಮನ್ನಣೆ ಅದೇ ಮೊದಲು. ಅವರ ‘ಎದೆಯ ಹಣತೆ’ಯಲ್ಲಿ ಗಂಡನಿಂದ ಉಪೇಕ್ಷಿತಳಾದ ಮೆಹರುನ್ ಹಸುಗೂಸಿನೊಡನೆ ತವರಿಗೆ ಬರುವಳು, ಮಾನಕ್ಕಂಜಿದ ತವರು ಅವಳನ್ನು ಹಿಂದಕ್ಕೆ ಕಳುಹುವುದು. ಸೀಮೆಎಣ್ಣೆ ಸುರಿದುಕೊಂಡ ತಾಯಿಯನ್ನು ಕಡೆಗೆ ತಡೆಯುವವಳು ಮಗಳು.

ಇಂತಹ ಕಥೆಯನ್ನು ಹಿಂಸಿಸುವವನು ಓದುವುದು ವಿರಳ. ಓದಿದರೂ ಅದು ಬೇರೊಬ್ಬನ ಕಥೆಯೆಂದೇ ಬಗೆಯುವನು. ನೊಂದವಳಿಗೆ ಓದುವ ಬಿಡುವು ಎಲ್ಲಿಯದು? ಬಿಡುವಿದ್ದರೂ ಅವಳು ಅರಿಯದುದನ್ನು ಪುಸ್ತಕವು ಹೇಳುವುದಿಲ್ಲ. ‘ಕೆರೆಗೆ ಹಾರ’ವನ್ನು ಹಾಡಿಕೊಂಡು ಬಂದ ನಮ್ಮ ಹೆಣ್ಣುಮಕ್ಕಳಿಗೆ ಭಾಗೀರಥಿಯ ಸಂಕಟವನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಅವಳು ಗೆಳತಿಯ ಮುಂದೆ ನಿಜವನ್ನಾಡಿದಳು. ಗೆಳತಿಯೂ ತಾಳಿಕೊಳ್ಳೆಂದೇ ಬುದ್ಧಿ ಹೇಳಿದಳು. ನೊಂದವಳಿಗೆ ಇಲ್ಲದುದು ಅರಿವಲ್ಲ, ತೆರೆದ ಬಾಗಿಲು.

ಆದುದರಿಂದ ಕಥೆಯು ಮುಟ್ಟಬೇಕಾದುದು ಆ ಬಾಗಿಲ ಅಗುಳಿಯನ್ನು ಹಿಡಿದವರನ್ನು: ತಂದೆ, ಅಣ್ಣ, ಅತ್ತಿಗೆ, ಗೆಳತಿ, ನೆರೆಯವರು. ಓದುವ ಮನೆಗಳಲ್ಲಿರುವವರು ಇವರೇ. ಇಲ್ಲಿಯೇ ಒಂದು ಅಪಾಯವೂ ಉಂಟು. ಕರುಣರಸದಲ್ಲಿ ದುಃಖವು ಸಾಧಾರಣೀಕೃತವಾಗಿ ಆಸ್ವಾದ್ಯವಾಗುವುದು. ಕಣ್ಣೊರೆಸಿಕೊಂಡ ಓದುಗನು ತನ್ನ ಕರ್ತವ್ಯವು ತೀರಿತೆಂದು ಪುಸ್ತಕವನ್ನು ಮುಚ್ಚಿಬಿಡಬಹುದು. ಕಲೆಗೆ ಅಷ್ಟು ಸಾಕು, ಧರ್ಮಕ್ಕೆ ಸಾಲದು.

ಲೋಕಮಹಾದೇವಿಯು ಎಂಟನೆಯ ಶತಮಾನದಲ್ಲಿ ಕಟ್ಟಿಸಿದ ನಮ್ಮ ಪಟ್ಟದಕಲ್ಲಿನ ವಿರೂಪಾಕ್ಷ ದೇಗುಲದಲ್ಲಿ ರಾವಣನೊಡನೆ ಕಾದುವ ಜಟಾಯುವಿನ ಕೆತ್ತನೆಯುಂಟು. ಅಕ್ಷರವರಿಯದವರೂ ಓದಬಲ್ಲ ಕಥೆಯದು. ಸೀತೆಯ ಕೂಗನ್ನು ಕೇಳಿದ ಮುದಿಹಕ್ಕಿಯು, ಇದು ಪರರ ಸಂಗತಿ, ನನಗೇಕೆ ಎನ್ನಲಿಲ್ಲ. ಗೆಲ್ಲುವೆನೆಂಬ ಭರವಸೆಯಿಂದಲೂ ಎದ್ದುದಲ್ಲ. ಇಂದಿನ ನೆರೆಯವನಿಗಾದರೋ ಪ್ರಾಣವನ್ನೇ ತೆರಬೇಕಾದ ಪ್ರಸಂಗವಿಲ್ಲ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯಿದೆಯಂತೆ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ಸುದ್ದಿ ಮುಟ್ಟಿಸಬಹುದು. ಸದ್ಭಾವದಿಂದ ತಿಳಿಸಿದವನ ಮೇಲೆ ಯಾವ ಹೊಣೆಯೂ ಬರದು.

ಕಥೆಯನ್ನೋದಿ ಎಷ್ಟು ಅತ್ತೆವೆಂಬುದು ಸಹೃದಯತೆಯ ಅಳತೆಯಲ್ಲ. ನಡುರಾತ್ರಿಯಲ್ಲಿ ಮಗಳು ಬಂದು ಕದ ತಟ್ಟಿದಾಗ, ‘ಜನ ಏನೆಂದಾರು’ ಎನ್ನುವ ಮೊದಲು, ‘ಒಳಗೆ ಬಾರವ್ವ’ ಎನ್ನುವ ಮನೆಯೇ ಕಥೆಯನ್ನು ಓದಿದ ಮನೆ.