ಟೀಚರ್ ಹೇಳಿದ ‘ನೋಡುವ’

2024ರ ಮಾರ್ಚ್ 12, ಮಂಗಳವಾರ ಸಂಜೆ. ಆಫೀಸ್ ಮುಗಿಸಿ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದೆ. ಊರಿನಿಂದ ಅಕ್ಕನ ಫೋನು. ಅಕ್ಕ ಅಂದರೆ ದೊಡ್ಡಮ್ಮನ ಮಗಳು. ಕುಂಬ್ರದಲ್ಲಿ ಬಸ್ಸಿಳಿದು ಮತ್ತೂ ಒಳಗೆ ಹೋಗಬೇಕಾದ ಒಂದು ಸರಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ.

“ನಿನಗೆ ಸುದ್ದಿಯೆಲ್ಲ ಬೇಗ ಸಿಗ್ತದಲ್ಲ. ನಾಳೆ ನಮ್ಮ ಐದನೇ ಕ್ಲಾಸಿಗೆ ಪರೀಕ್ಷೆ ಉಂಟಾ ಇಲ್ವಾ, ಸ್ವಲ್ಪ ನೋಡಿ ಹೇಳು ಮಾರಾಯ.”

ನನಗೆ ನಗು ಬಂತು. ನಿನ್ನ ಶಾಲೆಯ ಪರೀಕ್ಷೆ ಬಗ್ಗೆ ಬೆಂಗಳೂರಲ್ಲಿ ಬಸ್ಸಲ್ಲಿ ಕೂತವನನ್ನು ಕೇಳ್ತೀಯಲ್ಲ ಅಂದೆ. ಅವಳು ನಗಲಿಲ್ಲ. “ಮಕ್ಕಳು ಹೋಗುವಾಗ ಕೇಳಿದ್ರು, ಟೀಚರ್ ನಾಳೆ ಪರೀಕ್ಷೆ ಉಂಟಾ ಅಂತ. ನೋಡುವ ಅಂದೆ. ಮತ್ತೆಂತ ಹೇಳುದು?”

ಆ ತಿಂಗಳು ಏನಾಯಿತು ಅಂತ ಒಮ್ಮೆ ನೆನಪು ಮಾಡಿಕೊಳ್ಳಿ. ಐದು, ಎಂಟು, ಒಂಬತ್ತನೇ ತರಗತಿಗಳಿಗೂ ರಾಜ್ಯಮಟ್ಟದ ಮೌಲ್ಯಾಂಕನ ಪರೀಕ್ಷೆ ಮಾಡಬೇಕೆಂದು ಸರಕಾರ ಹೊರಟಿತ್ತು. ಖಾಸಗಿ ಶಾಲೆಗಳ ಸಂಘಟನೆಗಳು ಕೋರ್ಟಿಗೆ ಹೋದವು. ಮಾರ್ಚ್ 6ಕ್ಕೆ ಹೈಕೋರ್ಟಿನ ಏಕಸದಸ್ಯ ಪೀಠ ಪರೀಕ್ಷೆ ರದ್ದು ಮಾಡಿತು. ಮರುದಿನವೇ ವಿಭಾಗೀಯ ಪೀಠ ಆ ಆದೇಶಕ್ಕೆ ತಡೆ ಕೊಟ್ಟಿತು. 11ಕ್ಕೆ ಪರೀಕ್ಷೆ ಶುರುವಾಯಿತು. 12ಕ್ಕೆ ಸುಪ್ರೀಂ ಕೋರ್ಟ್ ಮಧ್ಯೆ ಬಂತು, ಪರೀಕ್ಷೆ ಅರ್ಧಕ್ಕೆ ನಿಂತಿತು. 22ಕ್ಕೆ ಹೈಕೋರ್ಟ್ ಮತ್ತೆ ಒಪ್ಪಿಗೆ ಕೊಟ್ಟಿತು. 25ರಿಂದ ಉಳಿದ ಪರೀಕ್ಷೆ. ಏಪ್ರಿಲ್ 8ಕ್ಕೆ ಫಲಿತಾಂಶ ಪ್ರಕಟಿಸಬಾರದು ಅಂತ ಸುಪ್ರೀಂ ಕೋರ್ಟಿನಿಂದ ತಡೆ. ಹಿಂದಿನ ವರ್ಷ, ಅಂದರೆ 2023ರಲ್ಲೂ ಇದೇ ಪರೀಕ್ಷೆ ಕೋರ್ಟ್ ಮೆಟ್ಟಿಲು ಹತ್ತಿ ಇಳಿದಿತ್ತು. ಯೋಚನೆ ಶುರುವಾದದ್ದು ಬಿಜೆಪಿ ಸರಕಾರದ ಕಾಲದಲ್ಲಿ, ಮುಂದುವರಿದದ್ದು ಕಾಂಗ್ರೆಸ್ ಸರಕಾರದ ಕಾಲದಲ್ಲಿ. ಹಾಗಾಗಿ ಇಲ್ಲಿ ಪಕ್ಷ ಹಿಡಿದು ಜಗಳ ಆಡಲು ಯಾರಿಗೂ ಜಾಗ ಇಲ್ಲ.

ಪರೀಕ್ಷೆ ಬೇಕಿತ್ತಾ ಬೇಡವಾ ಅನ್ನುವುದು ಬೇರೆ ಚರ್ಚೆ. ಎರಡೂ ಕಡೆ ಒಳ್ಳೆಯ ವಾದಗಳಿವೆ. ನನ್ನ ತಲೆಯಲ್ಲಿ ಉಳಿದದ್ದು ಅಕ್ಕನ ಆ ‘ನೋಡುವ’.

ನಮ್ಮ ಊರಿನ ಕನ್ನಡದಲ್ಲಿ ‘ನೋಡುವ’ ಅಂದರೆ ಹೌದೂ ಅಲ್ಲ, ಇಲ್ಲವೂ ಅಲ್ಲ. ಸಾಲ ಕೇಳಲು ಬಂದವರಿಗೆ, ಮದುವೆ ಪ್ರಸ್ತಾಪ ತಂದವರಿಗೆ ಹೇಳುವ ಮಾತು ಅದು. ಹತ್ತು ವರ್ಷದ ಮಗುವಿಗೆ ಟೀಚರ್ ಹೇಳುವ ಮಾತಲ್ಲ. ಆ ವಯಸ್ಸಲ್ಲಿ ನಮಗೆ ಟೀಚರ್ ಹೇಳಿದ್ದೇ ವೇದವಾಗಿತ್ತು, ಅಲ್ವಾ? ನಾಳೆ ಕಾಪಿ ಬರೆದು ತರಬೇಕು ಅಂದರೆ ತರಬೇಕು. ಶನಿವಾರ ರಜೆ ಅಂದರೆ ರಜೆ. ಅಪ್ಪ ಅಮ್ಮನ ಮಾತಿಗೂ ಇಲ್ಲದ ತೂಕ ಅದಕ್ಕಿತ್ತು. ಶಾಲೆ ನಿಂತಿರುವುದೇ ಆ ನಂಬಿಕೆಯ ಮೇಲೆ. ಹೇಳಿದಂತೆ ನಡೆದುಕೊಳ್ಳುವ ಒಬ್ಬ ದೊಡ್ಡ ಮನುಷ್ಯ ಇದ್ದಾನೆ ಅನ್ನುವುದನ್ನು ಮಗು ಮನೆಯ ಹೊರಗೆ ಮೊದಲು ಕಲಿಯುವುದು ಅಲ್ಲಿ.

ಮೇಲಿನವರು ಮಾತು ಬದಲಿಸುತ್ತಾ ಹೋದಾಗ ಮೊದಲು ಹೋಗುವುದು ಈ ನಂಬಿಕೆ. ವಿಧಾನಸೌಧದಲ್ಲಿ ತೀರ್ಮಾನ ಮಾಡಿದವರ ಮುಖ ಮಗುವಿಗೆ ಗೊತ್ತಿಲ್ಲ. ಗೊತ್ತಿರುವುದು ಟೀಚರ್ ಮುಖ ಮಾತ್ರ. ಹಾಗಾಗಿ ಮಗುವಿನ ಲೆಕ್ಕದಲ್ಲಿ ಮಾತು ತಪ್ಪಿದ್ದು ಸರಕಾರ ಅಲ್ಲ, ಟೀಚರ್.

2023ರ ಜೂನ್‌ನಲ್ಲಿ ಪಠ್ಯಪುಸ್ತಕದ ಕಥೆಯೂ ಹೀಗೇ ಆಯಿತು. ಹಿಂದಿನ ವರ್ಷದ ಪರಿಷ್ಕರಣೆಯಲ್ಲಿ ಸೇರಿದ್ದ ಹೆಡಗೇವಾರ್, ಸಾವರ್ಕರ್ ಕುರಿತ ಪಾಠಗಳನ್ನು ಹೊಸ ಸರಕಾರ ಕೈಬಿಟ್ಟಿತು. ಅಷ್ಟರಲ್ಲಿ ಪುಸ್ತಕಗಳು ಅಚ್ಚಾಗಿ ಶಾಲೆ ತಲುಪಿದ್ದವು. ಬದಲಾವಣೆಗೆ ಬೇರೆ ಪೂರಕ ಪುಸ್ತಕ ಬಂತು. ಸೇರಿಸಿದ್ದು ಸರಿಯಾ, ತೆಗೆದದ್ದು ಸರಿಯಾ ಅಂತ ನಾವೆಲ್ಲ ವಾಟ್ಸಾಪ್ ಗ್ರೂಪುಗಳಲ್ಲಿ ಬಡಿದಾಡಿದೆವು. ಕೈಯಲ್ಲಿರುವ ಪುಸ್ತಕದ ಒಂದು ಪಾಠವನ್ನು ತೋರಿಸಿ “ಇದು ಬೇಡ, ಮುಂದಿನ ಪುಟ ತೆಗೀರಿ” ಅಂತ ಹೇಳಬೇಕಾದ ಟೀಚರ್ ಬಗ್ಗೆ ಯಾರೂ ಮಾತಾಡಲಿಲ್ಲ. “ಯಾಕೆ ಬೇಡ ಟೀಚರ್?” ಅಂತ ಒಬ್ಬ ಹುಡುಗ ಕೇಳಿದರೆ ಉತ್ತರ ಏನು?

ಇದಕ್ಕೆ ಒಂದು ಪ್ರಶ್ನೆ ಎದುರು ಬರುತ್ತದೆ, ನಾನೇ ನನಗೆ ಕೇಳಿಕೊಂಡದ್ದು. ಪ್ರಜಾಪ್ರಭುತ್ವ ಅಂದಮೇಲೆ ತೀರ್ಮಾನ ಬದಲಾಗಲೇಬೇಕಲ್ಲ? ಬದಲಾವಣೆಗೆಂದೇ ಜನ ಓಟು ಹಾಕುವುದು. ಸರಕಾರ ತಪ್ಪಿದರೆ ಕೋರ್ಟ್ ತಡೆಯಲೇಬೇಕು. ಒಮ್ಮೆ ಹೇಳಿದ್ದನ್ನು ಬದಲಿಸಲೇಬಾರದು ಅಂದರೆ ಅದು ರಾಜರ ಕಾಲವಾಗುತ್ತದೆ.

ಒಪ್ಪುತ್ತೇನೆ. ಆದರೆ ನಮ್ಮ ಕೆಲಸದಲ್ಲೇ ನೋಡಿ. ಶುಕ್ರವಾರ ಸಂಜೆ ಪ್ರೊಡಕ್ಷನ್‌ಗೆ ಹೊಸ ಕೋಡ್ ಹಾಕಬೇಡಿ ಅಂತ ಪ್ರತಿ ಟೀಮಿನಲ್ಲೂ ಹೇಳುತ್ತಾರೆ. ಬದಲಾವಣೆ ಬೇಡ ಅಂತಲ್ಲ. ಬಳಸುವವರು ನಡು ನೀರಿನಲ್ಲಿರುವಾಗ ಬೇಡ ಅಂತ. ನಮ್ಮಲ್ಲಿ ಏನಾದರೂ ಕೆಟ್ಟರೆ ಹಳೆಯ ವರ್ಷನ್‌ಗೆ ಹಿಂದೆ ಹೋಗಬಹುದು. ಐದನೇ ಕ್ಲಾಸಿನ ಮಾರ್ಚ್ ತಿಂಗಳಿಗೆ ಹಿಂದೆ ಹೋಗಲು ಆಗುವುದಿಲ್ಲ. ಹೊಸ ಪರೀಕ್ಷೆಯಾಗಲಿ ಹೊಸ ಪಾಠವಾಗಲಿ, ಕಾನೂನಿನ ಪ್ರಶ್ನೆಗಳನ್ನು ಮೊದಲೇ ಬಗೆಹರಿಸಿಕೊಂಡು ಮುಂದಿನ ಜೂನ್‌ನಿಂದ ತನ್ನಿ ಅನ್ನುವುದು ದೊಡ್ಡ ಬೇಡಿಕೆ ಏನಲ್ಲ.

ಹಾಗೆ ಯಾಕೆ ಆಗುವುದಿಲ್ಲ? 2025ರ ಅಕ್ಟೋಬರ್‌ನಲ್ಲಿ ಊರಿಗೆ ಹೋದಾಗ ನನಗೆ ಸ್ವಲ್ಪ ಅರ್ಥವಾಯಿತು. ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ಮನೆ ಮನೆಗೆ ಕಳಿಸಿದ್ದರು. ಅಂದುಕೊಂಡ ಹೊತ್ತಿಗೆ ಅದು ಮುಗಿಯಲಿಲ್ಲ. ದಸರಾ ರಜೆಯನ್ನು 18ರವರೆಗೆ ಎಳೆದರು, ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಮಾತ್ರ. ಬೆಳಿಗ್ಗೆ ಖಾಸಗಿ ಶಾಲೆಯ ಹಳದಿ ಬಸ್ಸು ನಮ್ಮ ಮನೆ ಎದುರು ಬಂದು ಒಂದು ಮಗುವನ್ನು ಹತ್ತಿಸಿಕೊಂಡು ಹೋಯಿತು. ಪಕ್ಕದ ಮನೆಯ ಮಗು ಗೇಟಿನ ಮೇಲೆ ಕೂತು ನೋಡುತ್ತಿತ್ತು. ಸಮೀಕ್ಷೆ ಬೇಕು ಅನ್ನುವವನು ನಾನು. ಆದರೆ ಅದರ ಬೆಲೆ ಕೊಟ್ಟದ್ದು ನಾನಲ್ಲ, ಗೇಟಿನ ಮೇಲೆ ಕೂತ ಮಗು.

2015ರಲ್ಲಿ ಅಲಹಾಬಾದ್ ಹೈಕೋರ್ಟ್, ಸರಕಾರದಿಂದ ಸಂಬಳ ಪಡೆಯುವವರು ಮತ್ತು ಜನಪ್ರತಿನಿಧಿಗಳು ತಮ್ಮ ಮಕ್ಕಳನ್ನು ಸರಕಾರಿ ಪ್ರಾಥಮಿಕ ಶಾಲೆಗೇ ಕಳಿಸುವಂತೆ ಮಾಡಬೇಕು ಅಂತ ಉತ್ತರ ಪ್ರದೇಶ ಸರಕಾರಕ್ಕೆ ಹೇಳಿತ್ತು. ಆಗ ನಾನು ಚಪ್ಪಾಳೆ ತಟ್ಟಿದ್ದೆ. ಈಗ ಸ್ವಲ್ಪ ನಾಚಿಕೆಯಾಗುತ್ತದೆ. ಯಾಕೆಂದರೆ ಆ ಸಾಲಿನಲ್ಲಿ ಮಂತ್ರಿಗಳು ಮಾತ್ರ ಇಲ್ಲ, ನಾನೂ ಇದ್ದೇನೆ. ಸರಕಾರಿ ಶಾಲೆಯಲ್ಲಿ ಕಲಿತು, ಮಗಳನ್ನು ಅಲ್ಲಿಗೆ ಕಳಿಸದವನು. ಪಠ್ಯದ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ, ಯಾಕೆಂದರೆ ಅದು ನನ್ನ ರಾಜಕೀಯ. ಟೀಚರ್ ಇದ್ದಾರಾ ಇಲ್ಲವಾ ಅನ್ನುವುದರ ಬಗ್ಗೆ ಇಲ್ಲ, ಯಾಕೆಂದರೆ ಅದು ನನ್ನ ಮಗುವಿನ ಪ್ರಶ್ನೆ ಅಲ್ಲ.

ಆಗುವುದೇ ಇಲ್ಲ ಅಂತೇನಲ್ಲ. ಬಿಸಿಯೂಟದ ಮೊಟ್ಟೆಯನ್ನೇ ನೋಡಿ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದಲ್ಲಿ ಶುರುವಾದಾಗ ಎಷ್ಟು ವಿರೋಧ ಇತ್ತು! ಆದರೂ ಮರುವರ್ಷ ಇಡೀ ರಾಜ್ಯಕ್ಕೆ ಬಂತು. ತಿನ್ನದವರಿಗೆ ಬಾಳೆಹಣ್ಣು, ಚಿಕ್ಕಿ. ಸರಕಾರ ಬದಲಾದರೂ ನಿಲ್ಲಲಿಲ್ಲ. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನವಾಯಿತು. “ನಾಳೆ ಮೊಟ್ಟೆ ಉಂಟಾ?” ಅಂತ ಮಗು ಕೇಳಿದರೆ ಅಕ್ಕ “ಉಂಟು” ಅನ್ನುತ್ತಾಳೆ. ‘ನೋಡುವ’ ಅನ್ನುವುದಿಲ್ಲ.

ಮಾರ್ಚ್ 13ರ ಬೆಳಿಗ್ಗೆ ಓದಿಕೊಂಡು ಬಂದ ಮಕ್ಕಳ ಎದುರು ನಿಂತು ಅಕ್ಕ “ಸಾರಿ ಮಕ್ಕಳೇ, ಇವತ್ತು ಪರೀಕ್ಷೆ ಇಲ್ಲ” ಅಂದಳಂತೆ. ತೀರ್ಮಾನ ಅವಳದಲ್ಲ, ತಪ್ಪು ಅವಳದಲ್ಲ. ಆ ಕ್ಲಾಸಿನಲ್ಲಿ ಸಾರಿ ಕೇಳಿದ್ದು ಮಾತ್ರ ತಿಂಗಳಿಗೆ 10,000 ರೂಪಾಯಿ ಗೌರವಧನದ ಅವಳು.

ಆ ಗೌರವಧನವೂ ವರ್ಷದ ಕೊನೆವರೆಗೆ ಮಾತ್ರ. ಬೇಸಿಗೆ ರಜೆಯಲ್ಲಿ ಇಲ್ಲ. ಜೂನ್‌ನಲ್ಲಿ ಸರಕಾರ ಮತ್ತೆ ಅನುಮತಿ ಕೊಟ್ಟರೆ ಕೆಲಸ. ಏಪ್ರಿಲ್‌ನಲ್ಲಿ ಶಾಲೆ ಮುಗಿಯುವ ದಿನ ಒಬ್ಬಳು ಹುಡುಗಿ ಬ್ಯಾಗು ಹೆಗಲಿಗೆ ಹಾಕಿಕೊಂಡು ಬಾಗಿಲ ಹತ್ತಿರ ನಿಂತಳಂತೆ. “ಆರನೇ ಕ್ಲಾಸಿಗೂ ನೀವೇ ಇರ್ತೀರಲ್ಲ ಟೀಚರ್?”

ಅಕ್ಕ ಏನು ಹೇಳಿದಳು ಅಂತ ನಾನು ಕೇಳಲಿಲ್ಲ.